ಮೆರೂನ್ ಬೊಟ್ಟು

ವಿಜಯಪುರದಲ್ಲಿ ರೇಷ್ಮೆ ಹುರಿ ಮಾಡುವ ಶೆಡ್ಡೊಂದರಲ್ಲಿ ಸಪ್ಪಲಮ್ಮನ ಬಲಗೈ ಮೊಣಕೈವರೆಗೆ ಸುಟ್ಟಿತು. ಯಂತ್ರ ಸಿಕ್ಕಿಕೊಂಡ ಕೂಡಲೇ ಕರೆಂಟು ಕಡಿಯಬೇಕಿದ್ದ ಬೋರ್ಡು ಕಡಿಯಲಿಲ್ಲ, ಪೆಟ್ಟಿಗೆ ಸಮೇತ ಹೊತ್ತಿಕೊಂಡಿತು. ಒದ್ದೆ ಕೈಯಲ್ಲಿ ಪೆಟ್ಟಿಗೆ ಮುಟ್ಟಿದ್ದು ಅವಳದೇ ತಪ್ಪೆಂದು ಶೆಡ್ಡಿನಲ್ಲೇ ತೀರ್ಮಾನವಾಯಿತು.

ಬೋರ್ಡು ತಯಾರಾಗಿದ್ದು ಹತ್ತಿರದ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ. ಕರಕಲಾದ ಅದನ್ನು ಶೆಡ್ಡಿನ ಮೆಕ್ಯಾನಿಕ್ ಬೈಲಪ್ಪ ಅಲ್ಲಿಗೇ ವಾಪಸ್ಸು ತಂದ. ಕಡಿದ ಎಳೆಯನ್ನು ಕಣ್ಣು ಮುಚ್ಚಿ ಗಂಟು ಹಾಕುತ್ತಿದ್ದ ಸಪ್ಪಲಮ್ಮನ ಬೆರಳುಗಳು ಇನ್ನು ಮಡಚುವುದಿಲ್ಲವಂತೆ ಎಂದು ಹೇಳಿ, ಟೀ ಕೂಡ ಕುಡಿಯದೆ ಹೊರಟುಹೋದ. ಟೆಸ್ಟಿಂಗ್ ಮೇಜಿನ ಶಾಮಲಾ ಬೋರ್ಡನ್ನು ತಿರುಗಿಸಿ ನೋಡಿದಳು. ಎಂದೂ ಬಾಯಿ ಮುಚ್ಚದ ಹೆಂಗಸು, ಅವತ್ತು ಅದನ್ನು ಪಕ್ಕದ ಅಕ್ಷತಳ ಮುಂದಿಟ್ಟು ಇಷ್ಟೇ ಅಂದಳು:

"ನಿನ್ ಬೊಟ್ಟು ಕಣೇ."

ಅಲ್ಲಿನ ರೂಢಿ ಅದು. ಪಾಸಾದ ಬೋರ್ಡಿನ ಮೂಲೆಯ ಸ್ಕ್ರೂ ಮೇಲೆ, ಪರೀಕ್ಷೆ ಮಾಡಿದವಳು ಉಗುರುಬಣ್ಣದ ಬೊಟ್ಟಿಡಬೇಕು. ಒಬ್ಬೊಬ್ಬಳಿಗೆ ಒಂದೊಂದು ಬಣ್ಣ. ಅಕ್ಷತಳದು ಮೆರೂನ್, ತಂಗಿಯ ಮದುವೆಗೆಂದು ಕೊಂಡು ಮಿಕ್ಕಿದ್ದ ಶೀಶೆ. ತನ್ನ ಉಗುರಿಗೆ ಹಚ್ಚಿಕೊಳ್ಳಲು ಪುರುಸೊತ್ತಿಲ್ಲದವಳು ಕರೆಂಟಿಗೆ ಸಿಂಗಾರ ಮಾಡುತ್ತಾಳೆಂದು ಶಾಮಲಾ ಆಡಿಕೊಳ್ಳುತ್ತಿದ್ದಳು. ಈಗ ಉಳಿದದ್ದೆಲ್ಲ ಇದ್ದಿಲಾಗಿದ್ದರೂ ಆ ಮೂಲೆ ಮಾತ್ರ ಬೇಯದೆ ಉಳಿದಿತ್ತು. ಬೊಟ್ಟು ನಿನ್ನೆ ಇಟ್ಟ ಹಾಗೆ ಹೊಳೆಯುತ್ತಿತ್ತು.

ಮೊದಲೆಲ್ಲ ಎರಡು ಪರೀಕ್ಷೆ ಇದ್ದವು. ಒಂದರಲ್ಲಿ ಗುಂಡಿ ಮೆಲ್ಲಗೆ ತಿರುಗಿಸುತ್ತ ಕರೆಂಟಿನ ಹೊರೆ ಏರಿಸುವುದು. ಮಿತಿ ದಾಟಿದಾಗ ಬೋರ್ಡು ತಾನಾಗಿ ಕರೆಂಟು ಕಡಿಯಬೇಕು. ಇನ್ನೊಂದಕ್ಕೆ ಜರ್ಕು ಕೊಡುವುದು ಅನ್ನುತ್ತಿದ್ದರು. ಇದ್ದಕ್ಕಿದ್ದಂತೆ ಪೂರ್ತಿ ಹೊರೆ ಹೇರುವುದು. ಶೆಡ್ಡಿನಲ್ಲಿ ನೂಲಿನ ಕಸ ಸುತ್ತಿಕೊಂಡು ಮೋಟರು ಗಕ್ಕನೆ ನಿಂತಾಗ ಆಗುವುದೂ ಅದೇ. ಅಲ್ಲಿ ಯಾರೂ ಮೆಲ್ಲಗೆ ಗುಂಡಿ ತಿರುಗಿಸುವುದಿಲ್ಲ. ಆದರೆ ಯಂತ್ರ ಶುರುವಾಗುವ ಎಳೆತಕ್ಕೂ ಬೋರ್ಡು ಕಡಿಯುತ್ತದೆ, ಕೆಲಸ ನಿಲ್ಲುತ್ತದೆ ಎಂದು ಕೊಂಡವರು ಗೊಣಗಿದರು. ಕಂಪನಿ ಒಂದು ದೊಡ್ಡ ಕೆಪಾಸಿಟರ್ ಕೂರಿಸಿ ಕಡಿಯುವುದನ್ನೇ ತಡ ಮಾಡಿತು. ಅಂಥ ಬೋರ್ಡುಗಳು ಮೆಲ್ಲಗಿನ ಪರೀಕ್ಷೆ ದಾಟಿದವು, ಜರ್ಕಿಗೆ ಹೊಗೆಯಾಡಿದವು. ಬೋರ್ಡು ಸರಿಮಾಡುವ ಬದಲು ಜರ್ಕನ್ನೇ ಕೈಬಿಟ್ಟರು.

ಅಕ್ಷತ ಒಂದು ಸಲ ಕೇಳಿದ್ದಳು. ಮೇಲಿನವರು ಹೇಳಿದ್ದಾರೆ ಎಂಬ ಉತ್ತರ ಬಂತು. ಕೆಲಸ ಕಾಯಂ ಆಗುವವರೆಗೆ ಎರಡನೇ ಸಲ ಕೇಳುವ ಧೈರ್ಯ ಯಾರಿಗಿದೆ? ಬೊಟ್ಟಿಡುತ್ತ ಹೋದಳು.

ಊಟದ ಹೊತ್ತಿನಲ್ಲಿ ಎಲ್ಲರೂ ಕ್ಯಾಂಟೀನಿಗೆ ಹೋದ ಮೇಲೆ, ಕಳಿಸಲು ಸಿದ್ಧವಾಗಿದ್ದ ಬೋರ್ಡೊಂದನ್ನು ಎತ್ತಿಕೊಂಡು ಜರ್ಕು ಕೊಟ್ಟಳು. ಕಡಿಯಲಿಲ್ಲ. ಟಪ್ ಎಂದಿತು, ಮೀನು ಸೀದ ಹಾಗೆ ನಾತ ಬಂತು. ಅದರ ಮೇಲೂ ಅವಳದೇ ಬೊಟ್ಟು. ಊಟದ ಡಬ್ಬಿ ಬಿಚ್ಚದೆ ಹಾಗೇ ಕೂತಳು.

ಸೂಪರ್‌ವೈಸರ್ ಉಮಾಶಂಕರ್ ಬಂದಾಗ ಅವನ ಕೈಯಲ್ಲಿ ಬಣ್ಣ ಕರಗಿಸುವ ಥಿನ್ನರ್ ಶೀಶೆ, ಹತ್ತಿ. ಸೂಲಿಬೆಲೆ ಕಡೆಯವನು, ಅವಳನ್ನು ಕೆಲಸಕ್ಕೆ ಸೇರಿಸಿದವನೂ ಅವನೇ. ಸಾಯಂಕಾಲ ತನಿಖೆಯವರು ಬರುತ್ತಾರೆ, ಅಷ್ಟರೊಳಗೆ ಸುಟ್ಟ ಬೋರ್ಡಿನ ಬೊಟ್ಟು ಒರೆಸಿಬಿಡು ಎಂದ. ಗದರಲಿಲ್ಲ. ಮನೆ ಹಿರಿಯರ ಹಾಗೆ ಸ್ಟೂಲು ಎಳೆದುಕೊಂಡು ಕೂತ.

"ನೋಡಮ್ಮಾ, ಬೊಟ್ಟಿಲ್ಲ ಅಂದ್ರೆ ಟೆಸ್ಟೇ ಆಗಿಲ್ಲ ಅಂತ. ಟೆಸ್ಟಾಗ್ದಿರೋ ಮಾಲನ್ನ ಶೆಡ್ಡಿನೋರೇ ಹಿಂಬಾಗಿಲಲ್ಲಿ ತಗೊಂಡೋದ್ರು ಅಂತೀವಿ. ಕಂಪ್ನಿ ಉಳೀತದೆ, ನೀನೂ ಬಚಾವಾಗ್ತೀಯ."

"ಸಪ್ಪಲಮ್ಮ?"

"ಅದ್ಯಾರು?"

ಅಕ್ಷತ ಅವನ ಮುಖ ನೋಡಿದಳು. ನಟನೆಯಲ್ಲ, ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

"ಕೈ ಸುಟ್ಕೊಂಡೋರು ಸರ್."

ಅವನು ಹತ್ತಿಯನ್ನು ಥಿನ್ನರಿನಲ್ಲಿ ಅದ್ದಿ ಅವಳ ಬೆರಳ ನಡುವೆ ತಾನೇ ಇಟ್ಟ. ತಣ್ಣಗಿತ್ತು. ಒಂದೇ ಸಲ ಉಜ್ಜಿದರೆ ಸಾಕು, ಮೆರೂನ್ ಹೋಗುತ್ತದೆ, ಅದರ ಜೊತೆ ತನ್ನ ಪಾಲಿನ ತಪ್ಪೂ ಹೋಗುತ್ತದೆ. ಉಳಿಯುವುದು ವಿಜಯಪುರದಲ್ಲಿ ಮಡಚದ ಬೆರಳುಗಳು. ಅವುಗಳ ಹೆಸರಿಗೆ ಕಳ್ಳಮಾಲಿನ ಮಾತೂ ಸೇರಿಕೊಳ್ಳುತ್ತದೆ. ಪಕ್ಕದಲ್ಲಿ, ಊಟ ಮುಗಿಸಿ ಬಂದಿದ್ದ ಶಾಮಲಾ ತನ್ನ ಖಾಲಿ ಮೇಜನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದಳು, ತಲೆ ಎತ್ತಲಿಲ್ಲ.

"ಬೇಗ ಮಾಡಮ್ಮ. ಕಾಯಂ ಮಾಡೋ ವಿಚಾರ ನಾನೇ ಮಾತಾಡ್ತೀನಿ."

ಅಕ್ಷತ ಹತ್ತಿಯನ್ನು ಮೇಜಿನ ತುದಿಯಲ್ಲಿಟ್ಟಳು. ಸುಟ್ಟ ಬೋರ್ಡನ್ನು ಎಳೆದುಕೊಂಡು, ಬೊಟ್ಟಿದ್ದ ಮೂಲೆಯನ್ನು ಅಂಗೈಯಿಂದ ಮುಚ್ಚಿ ಹಿಡಿದಳು.

"ಒರೆಸಲ್ಲ ಸರ್. ಅದನ್ನ ಇಟ್ಟೋಳು ನಾನು."