ಹಳೇಕೋಟೆಯ ಮುಳುಗುಗಾರ

ಈಜಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಹಳೇಕೋಟೆಯಲ್ಲಿ ಯಾರ ಬಾವಿಗೆ ಬಿಂದಿಗೆ ಬಿದ್ದರೂ ಕರೆ ಬರುತ್ತಿದ್ದದ್ದು ಈ ಸಿದ್ದೇಶ್ವರನಿಗೇ. ಒಂದೇ ಉಸಿರಿಗೆ ತಳ ಮುಟ್ಟಿ, ಕೆಸರು ತಡಕಿ, ಬಿಂದಿಗೆ ಸಮೇತ ಮೇಲೆ ಬರುತ್ತಿದ್ದೆ. ಈಗ ಹೊಳೆನರಸೀಪುರದಲ್ಲಿ ಪೇಂಟ್ ಅಂಗಡಿಯಲ್ಲಿ ಕೂತು ಕೂತು ಹೊಟ್ಟೆ ಬಂದಿದೆ, ಅದು ಬೇರೆ ಮಾತು.

ಮದುವೆಯಾದ ಹೊಸದರಲ್ಲಿ ನಾನು ತೋಟದ ಬಾವಿಗೆ ಧುಮುಕುತ್ತಿದ್ದರೆ ನನ್ನ ಹೆಂಡತಿ ಸುವರ್ಣಮ್ಮ ಟವಲ್ ಹಿಡಿದು ಮೆಟ್ಟಿಲ ಮೇಲೆ ನಿಂತಿರುತ್ತಿದ್ದಳು. "ನೀರೊಳ್ಗೆ ಎಂಗಿರ್ತದೆ? ನಾನೂ ಇಳೀಲಾ?" ಎಂದು ಒಂದು ದಿನ ಕೇಳಿದಳು. "ಎಂಗಸ್ರಿಗ್ಯಾಕೆ ಅದೆಲ್ಲ, ಸುಮ್ಕಿರು" ಎಂದೆ. ಅವಳು ಮತ್ತೆ ಕೇಳಲಿಲ್ಲ. ಮೂವತ್ತು ವರ್ಷವಾದ ಮೇಲೆ, ಈ ಜನವರಿಯಲ್ಲಿ, ಅಂಡಮಾನಿನ ಮೀನುಗಳ ವಿಡಿಯೋ ಹಿಡಿದು ನನ್ನ ಮುಂದೆ ಕೂತಳು.

"ಇದ್ನ ಒಂದ್ಸಾರಿ ಕಣ್ಣಾರೆ ನೋಡ್ಬೇಕು ಕಣ್ರೀ."

ಬಾವಿಯ ಮೆಟ್ಟಿಲು ನೆನಪಾಗಿ ನನಗೆ ನಾಚಿಕೆಯಾಯಿತು. ಮಾರನೆಯ ದಿನವೇ ಟಿಕೆಟ್ ಮಾಡಿಸಿದೆ.

ಅಲ್ಲಿನ ದ್ವೀಪವೊಂದರಲ್ಲಿ ಡೈವಿಂಗ್ ಕಲಿಸುವ ಸ್ನೇಹಲತಾ ಚನ್ನರಾಯಪಟ್ಟಣದ ಹುಡುಗಿ. ಕನ್ನಡದಲ್ಲಿ ಹೇಳಿಕೊಡುತ್ತಾಳೆಂದೇ ಅವಳಲ್ಲಿಗೆ ಹೋದದ್ದು. ದೋಣಿ ಬೇಕಿಲ್ಲ, ದಡದಿಂದ ನಡೆದೇ ಇಳಿದರೆ ಹವಳದ ದಿಬ್ಬ ಸಿಗುತ್ತದೆ. ಬೆನ್ನಿಗೆ ಸಿಲಿಂಡರ್ ಕಟ್ಟಿ, ಬಾಯಿಗೆ ನಳಿಕೆ ಕೊಟ್ಟು, ಮೊದಲು ಎದೆಮಟ್ಟದ ನೀರಿನಲ್ಲಿ ಮುಳುಗಿಸಿದಳು. ಸುವರ್ಣ ಮೊದಲ ಸಲಕ್ಕೇ ಪಾಸು. ಗುಳುಗುಳು ಗುಳ್ಳೆ ಬಿಡುತ್ತಾ ಕೂತುಬಿಟ್ಟಳು.

ನಾನು ಮುಳುಗಿದೆ. ಸ್ನೇಹಲತಾ ಮೇಲಕ್ಕೆ ಕರೆದಳು.

"ಅಂಕಲ್, ಗುಳ್ಳೆನೇ ಬರ್ತಿಲ್ಲ. ಉಸ್ರು ಕಟ್ಬುಟ್ಟಿದೀರ."

"ನೀರೊಳ್ಗೆ ಉಸ್ರು ಕಟ್ದೆ ಇನ್ನೇನ್ ಮಾಡ್ತಾರಮ್ಮ?"

"ಇಲ್ಲಿ ಕಟ್ಟಂಗೇ ಇಲ್ಲ. ಕಟ್ಕೊಂಡು ಮೇಲೆ ಬಂದ್ರೆ ಶ್ವಾಸಕೋಶಕ್ಕೇ ಪೆಟ್ಟು."

ಎರಡನೇ ಸಲವೂ ಅದೇ ಕತೆ. ಕಿವಿಗೆ ನೀರು ತಾಗಿದ ಕೂಡಲೇ ಎದೆ ತಾನಾಗಿ ಬಿಗಿದುಕೊಳ್ಳುತ್ತಿತ್ತು. ಹಾಳು ಬಾವಿಯ ಅಭ್ಯಾಸ.

"ಇನ್ನೊಂದ್ಸಲ ಹಿಂಗಾದ್ರೆ ನೀವು ದಡದಲ್ಲೇ ಇರ್ಬೇಕು ಅಂಕಲ್. ಆಂಟಿ ಒಬ್ರನ್ನೇ ಕರ್ಕೊಂಡೋಗ್ತೀನಿ."

"ಅವ್ರಿಲ್ದೆ ನಾ ಇಳಿಯಲ್ಲ" ಎಂದು ಸುವರ್ಣ ಮುಖದ ಕನ್ನಡಕ ತೆಗೆದಳು.

ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಅಂದು ಬೇಡವೆಂದವನೂ ನಾನೇ, ಇಂದು ಅಡ್ಡ ನಿಂತವನೂ ನಾನೇ.

ಸುವರ್ಣ ಹತ್ತಿರ ಬಂದಳು. "ಲಿಂಗಪೂಜೆನೂ ಇಂಗೇ ಮಾಡ್ತೀರ ನೀವು. ಅಂಗ್ಡಿಗೆ ಒತ್ತಾಯ್ತು ಅಂತ ಎಲ್ಲಾ ಒಂದೇ ಉಸ್ರಿಗೆ. ಇಲ್ಲಿ ಯಾವ ಅಂಗ್ಡಿ ಐತೆ? ಓಂ ನಮಃ ಅಂತ ಎಳ್ಕಳಿ, ಶಿವಾಯ ಅಂತ ಬುಡಿ. ನಿಧಾನಕ್ಕೆ."

ಮೂರನೇ ಸಲ ಇಬ್ಬರೂ ಮುಳುಗಿದೆವು. ಲಿಂಗ ಹಿಡಿದು ಪೂಜೆಗೆ ಕೂತಾಗಿನಂತೆ ಸುವರ್ಣ ಎಡ ಅಂಗೈಯನ್ನು ನನ್ನ ಕಣ್ಣೆದುರು ಹಿಡಿದಳು. ಅದನ್ನೇ ನೋಡುತ್ತಾ ಎಳೆದುಕೊಂಡೆ. ಬಿಟ್ಟೆ. ಕಿವಿಯ ಪಕ್ಕ ಗುಳ್ಳೆಗಳು ಬುಡುಬುಡು ಎಂದು ಮೇಲಕ್ಕೆ ಹೋದವು.

ಆಮೇಲೆ ಸ್ನೇಹಲತಾ ನಮ್ಮಿಬ್ಬರ ಕೈಹಿಡಿದು ದಿಬ್ಬದ ಕಡೆ ಕರೆದೊಯ್ದಳು. ಹಳದಿ ಪಟ್ಟೆಯ ಮೀನುಗಳು ಸುವರ್ಣಳ ಮುಖಕ್ಕೇ ಬಂದು ತಿರುಗಿದವು. ಆಮೆಯೊಂದು ಅರಕಲಗೂಡಿನ ಶಟಲ್ ಬಸ್ಸಿನಂತೆ ಯಾವ ಅವಸರವೂ ಇಲ್ಲದೆ ಹೋಯಿತು. ನಾನು ಬಾವಿಯಲ್ಲಿ ಕಣ್ಣು ಮುಚ್ಚಿ ತಡಕಿದವನು. ನೀರೊಳಗೆ ಹೇಗಿರುತ್ತದೆ ಎಂದು ಅಂದು ಅವಳು ಕೇಳಿದ್ದಕ್ಕೆ ನನಗೂ ಉತ್ತರ ಗೊತ್ತಿರಲಿಲ್ಲ.

ದಡಕ್ಕೆ ಬಂದವನೇ ನಾನು ಸುಸ್ತಾಗಿ ಮರಳಿನ ಮೇಲೆ ಕೂತುಬಿಟ್ಟೆ. ಸುವರ್ಣ ಸಮುದ್ರದ ಕಡೆಗೇ ನೋಡುತ್ತಿದ್ದಳು.

"ಸಾಯಂಕಾಲ ಇನ್ನೊಂದ್ ಸುತ್ತು ಓಗಾನ" ಎಂದಳು.

"ನನ್ಕೈಲಾಗಲ್ಲ."

"ನೀವಿಲ್ಲೇ ಇರಿ. ನಾ ಓಗ್ಬತ್ತೀನಿ."

ಬಿಸಿಲು ಇಳಿದ ಮೇಲೆ ಅವಳು ಸ್ನೇಹಲತಾಳ ಜೊತೆ ನೀರಿಗೆ ನಡೆದಳು. ಹಿಂದಿರುಗಿ ನೋಡಲೂ ಇಲ್ಲ. ಅವಳು ಬರುವವರೆಗೂ ನಾನು ಟವಲ್ ಹಿಡಿದು ದಡದಲ್ಲಿ ನಿಂತಿದ್ದೆ.