ಹಲಗೆ ಇಳಿಸಿದ ದಿನ

ಬೆಳಿಗ್ಗೆ ಒಂಬತ್ತು ಗಂಟೆಗೆ ಕನಕಪ್ಪನ ಹೆಣ ಹೊತ್ತವರು ಇಟ್ಟಂಗಿ ಸೇತುವೆಯ ಬಾಯಿಗೆ ಬಂದು ನಿಂತರು. ಕೆಳಗೆ ಹಳ್ಳ ತುಂಬಿ ಹರಿಯುತ್ತಿತ್ತು. ಗದ್ದೆಗಳ ಚೌಗು ನೀರನ್ನು ಹಳ್ಳ ದಾಟಿಸಲು ೧೯೩೪ರಲ್ಲಿ, ಹತ್ತು ವರ್ಷದ ಹಿಂದೆ, ಕಟ್ಟಿದ ಸೇತುವೆ ಅದು. ಮೇಲೆ ಹಾದಿಯಿಲ್ಲ, ಮೊಣಕಾಲುದ್ದ ನೀರಿನ ಬಸಿಗಾಲುವೆ ಅಷ್ಟೆ. ಅದರ ಕಾವಲುಗಾರ ಕನಕಪ್ಪ. ನಿನ್ನೆ ಮಧ್ಯಾಹ್ನ ಉಣ್ಣಲು ಬರುತ್ತೇನೆಂದು ಹೋದವನು ಕಮಾನಿನ ಕೆಳಗೆ ಬಿದ್ದು ಸತ್ತಿದ್ದ. ಮುಷ್ಟಿಯಲ್ಲಿ ಗಾರೆ ಮೆತ್ತಿತ್ತು. ಯಾಕೆಂದು ಯಾರಿಗೂ ತಿಳಿಯಲಿಲ್ಲ.

"ಈ ದಂಡ್ಯಾಗ ಮಣ್ಣ ಕೊಡೂಣ," ಎಂದರು ಹಿರಿಯರಾದ ಮುದಿಯಪ್ಪ.

"ಮಗಳು ಆ ದಂಡ್ಯಾಗ ಮಣ್ಣಾಗ ಮಲಗ್ಯಾಳ, ಮುತ್ಯಾ. ಅಕಿ ಬಾಜೂಕ ಆಗಬೇಕ್ರಿ," ಎಂದಳು ಹೆಂಡತಿ ಹುಲಗಮ್ಮ.

"ಕಾಲುವ್ಯಾಗ ಎಮ್ಮಿ ಇಳಿದ್ರೂ ಬೈತಿದ್ದ ನಿನ ಗಂಡ."

"ಇವತ್ತ ಬಾಯಿ ಕಟ್ಟೀವಲ್ಲ, ಬೈಯೂದಿಲ್ಲ ಬಿಡ್ರಿ," ಎಂದ ಹೆಣಕ್ಕೆ ಹೆಗಲು ಕೊಟ್ಟಿದ್ದ ಕನಕಪ್ಪನ ತಮ್ಮ ಕುಬೇರಪ್ಪ.

ಹೆಣ ಕಾಲುವೆಯೊಳಗೇ ದಾಟಲೆಂದು ಹುಲಗಮ್ಮ ತಾನೇ ಹೋಗಿ ನೀರು ತಡೆಯುವ ತೂಬಿನ ಹಲಗೆ ಇಳಿಸಿದಳು.

*

ಹೋದ ಬೇಸಿಗೆಯಲ್ಲಿ ಅವಳ ಮನೆ ಮುಂದಿನ ಕಟ್ಟೆ ಒಂದೊಂದೇ ಇಟ್ಟಂಗಿ ಕಳೆದು ಕರಗತೊಡಗಿತ್ತು. ಅವಳೇ ತುಳಿದ ಮಣ್ಣು, ಅವಳೇ ಸುಟ್ಟ ಇಟ್ಟಂಗಿ. ಪ್ರತಿಯೊಂದರ ಮೇಲೂ ಹಸಿ ಇದ್ದಾಗ ಮೂರು ಬೆರಳು ಎಳೆದ ಗುರುತು.

"ಇಟ್ಟಂಗಿ ಎಲ್ಲಿ ಅದಾವ?" ಎಂದು ಗಂಡನನ್ನು ಕೇಳಿದಳು.

"ಮಾರೀನಿ."

"ಸೇಂದಿ ಕುಡ್ಯಾಕ?"

ಅವನು ರುಮಾಲು ಸುತ್ತಿ ಕಾಲುವೆ ಕಡೆ ಹೊರಟ. ಅಂದಿನಿಂದ ಅವಳು ರೊಟ್ಟಿ ನೀಡುವಾಗ ಅವನ ಮುಖ ನೋಡಲಿಲ್ಲ.

*

ಕಾಲುವೆಯ ನೀರು ಸರಿಯಿತು. ಪಾಚಿ ಕಟ್ಟಿದ ಕರಿ ತಳದ ನಡುವೆ ಚಾಪೆಯಗಲದ ಕೆಂಪು ತೇಪೆ. ಒಂದೊಂದು ಇಟ್ಟಂಗಿಯ ಮೇಲೂ ಮೂರು ಗೆರೆ.

ಹುಲಗಮ್ಮ ಕಾಲುವೆಗೆ ಇಳಿದು ಆ ಗೆರೆಗಳ ಮೇಲೆ ತನ್ನ ಮೂರು ಬೆರಳು ಇಟ್ಟಳು.

ಮುದಿಯಪ್ಪ ಕೆಸರು ಬಳಿದು ತೆಗೆದರು. ತೇಪೆಯ ಮಗ್ಗುಲಲ್ಲಿ, ಗೋಡೆಯಿಂದ ಗೋಡೆಗೆ, ಕೈ ತೂರುವಷ್ಟು ಬಿರುಕು. ಅದರೊಳಗೆ ಹಳ್ಳ ಹರಿಯುವುದು ಕಾಣುತ್ತಿತ್ತು.

"ಕಾಲುವಿ ಕಚೇರಿಗೆ ಮೂರು ಸಲ ಹೋಗಿದ್ದ," ಎಂದರು ಅವರು. "ಬಾಯಿ ಬಿಟ್ರ ನೌಕರಿ ಹೋಗತೈತಿ ಅಂದ್ರಂತ. ಈ ಬಿರುಕಿಗೇ ಹೋಗಿದ್ದ ಅಂತ ನಮಗೂ ಹೇಳಲಿಲ್ಲ."

"ನನಗರ ಹೇಳಬೇಕಿತ್ತು," ಎಂದಳು ಹುಲಗಮ್ಮ.

ಕುಬೇರಪ್ಪ ಒಂದು ಹೆಜ್ಜೆ ಮುಂದಿಟ್ಟ. "ಹಗೂರ ದಾಟೂಣೇನ, ವೈನಿ?"

ಅವಳು ಆ ದಂಡೆಯನ್ನು ಒಮ್ಮೆ ನೋಡಿದಳು. "ಬ್ಯಾಡ. ಹೊಳ್ಳಿಸ್ರಿ."

ಈ ದಂಡೆಯಲ್ಲೇ ಮಣ್ಣು ಕೊಟ್ಟರು. ಒಂಬತ್ತನೆಯ ದಿನ ನಡುವಿನ ಕಮಾನು ಬಿತ್ತು. ಹಳ್ಳ ಇಳಿದ ಮೇಲೆ ಊರವರು ಇಟ್ಟಂಗಿ ಆರಿಸಿ ತಮ್ಮ ಮನೆಗಳಿಗೆ ಒಯ್ದರು. ಮೂರು ಗೆರೆಯವನ್ನು ಮಾತ್ರ ಹುಲಗಮ್ಮನ ಬಾಗಿಲಲ್ಲಿ ಇಟ್ಟುಹೋದರು.