ಬರ್ತೇನಿ ಅನ್ನೋ ಮಾತು

"ಮತ್ತ ರಿ ಅಂದ್ರಿ ನೋಡ್ರಿ," ಎಂದರು ಅರ್ಜುನ ಸರ್.

ಮಹಾನಂದಾ ನಾಲಿಗೆ ಕಚ್ಚಿಕೊಂಡಳು. ಅವಳ ಮುಂದೆ ಒಂದು ಖಾಲಿ ಕುರ್ಚಿ ಇತ್ತು. ಅದರಲ್ಲಿ ವಯಸ್ಸಾದ ರೋಗಿಯೊಬ್ಬ ಕೂತಿದ್ದಾನೆಂದು ತಿಳಿದು ಮಾತಾಡಬೇಕು, ಅದು ಆವತ್ತಿನ ಪಾಠ. ಅವಳು ಕುರ್ಚಿಯ ಕಡೆ ಬಾಗಿ, ಮುಖಕ್ಕೆ ನಗು ತಂದುಕೊಂಡು, "ಪ್ಲೀಸ್ ಸಿಟ್ ರಿ ಸರ್, ಐ ವಿಲ್ ಚೆಕ್ ಬೀಪಿ" ಎಂದಿದ್ದಳು.

"ಸಿಟ್ ರಿ ಅನ್ನೂದು ಯಾವ ಡಿಕ್ಷನರಿಯೊಳಗ ಐತ್ರಿ ಅಕ್ಕಾರ?"

ಹಿಂದಿನ ಬೆಂಚಿನ ಕಾಲೇಜು ಹುಡುಗಿಯರು ಕಿಸಕ್ಕೆಂದರು.

"ರಿ ಇಲ್ದ ಹೆಂಗ ಅನ್ನೂದ್ರಿ ಸರ? ಬರೇ ಸಿಟ್ ಅಂದ್ರ ನಾಯಿಗೆ ಅಂದಂಗ ಆಗತೈತಿ."

"ಪ್ಲೀಸ್ ಐತಲ್ಲ. ನಿಮ್ಮ ರಿ ಅದರಾಗ ಐತಿ ಅಂತ ತಿಳ್ಕೋರಿ."

ತಿಳಿದುಕೊಳ್ಳಲು ಅವಳಿಗೇನೂ ಕಷ್ಟವಿರಲಿಲ್ಲ, ಕಷ್ಟವಿದ್ದದ್ದು ನಾಲಿಗೆಗೆ. ತಂದೆಯ ವಯಸ್ಸಿನವರ ಎದುರು ನಿಂತು 'ಯು' ಎಂದರೆ ಅದು ಅವಳ ಕಿವಿಗೆ 'ನೀ' ಎಂದೇ ಕೇಳಿಸುತ್ತಿತ್ತು. 'ಯು' ಎಂದ ಕೂಡಲೇ ಹಿಂದಿನಿಂದ ಒಂದು 'ರಿ' ತಾನಾಗಿ ಓಡಿಬಂದು ಆ ತಪ್ಪನ್ನು ಮುಚ್ಚುತ್ತಿತ್ತು. ಮುಚ್ಚಬಾರದಂತೆ, ತಪ್ಪು ಬೆತ್ತಲೆಯಾಗಿಯೇ ನಿಲ್ಲಬೇಕಂತೆ, ಆಗ ಅದು ಇಂಗ್ಲಿಷ್.

ಬೈಲಹೊಂಗಲದ ಬಜಾರಿನಲ್ಲಿ ಮೊಬೈಲ್ ಅಂಗಡಿಯ ಮೇಲೆ ನಡೆಯುವ ಇಂಗ್ಲಿಷ್ ಕ್ಲಾಸಿನ ಕೋಣೆ ಅದು. ದಿನಾ ಬೆಳಿಗ್ಗೆ ಡ್ಯೂಟಿಗೆ ಮೊದಲು ಮಹಾನಂದಾ ಆ ಮೆಟ್ಟಿಲು ಹತ್ತುತ್ತಿದ್ದಳು. ಖಾಸಗಿ ಆಸ್ಪತ್ರೆಯೊಂದರಲ್ಲಿ ಅವಳು ನರ್ಸು. ಈ ತಿಂಗಳಿಗೆ ಮೊದಲು ಆರು ವರ್ಷ ರಾತ್ರಿ ಪಾಳಿ. ಅವಳು ಬೆಳಿಗ್ಗೆ ದೇಗಾಂವದ ಮನೆ ಮುಟ್ಟುವಷ್ಟರಲ್ಲಿ ಮಗಳು ಪ್ರಜ್ಞಾ ಶಾಲೆಗೆ ಹೋಗಿರುತ್ತಿದ್ದಳು. ಮಗಳು ಶಾಲೆಯಿಂದ ಬರುವ ಹೊತ್ತಿಗೆ ಇವಳು ಚೀಲ ಹೆಗಲಿಗೇರಿಸಿ ಬಸ್ಸಿಗೆ ನಿಂತಿರುತ್ತಿದ್ದಳು. ಜಡೆ ಹಾಕುವುದು, ಉಣ್ಣಿಸುವುದು ಎಲ್ಲ ಅತ್ತೆ ಕೆಂಪವ್ವನದೇ.

ಈಗ ಆಸ್ಪತ್ರೆಯಲ್ಲಿ ಸ್ಪೆಷಲ್ ವಾರ್ಡು ಆಗಿತ್ತು. ಸಕ್ಕರೆ ಕಾರ್ಖಾನೆಯವರು, ಬ್ಯಾಂಕಿನವರು, ಕನ್ನಡ ಬಾರದ ಜನ ಬರತೊಡಗಿದ್ದರು. ಡಾಕ್ಟರು ಅವಳನ್ನು ಕರೆದು, "ಈ ತಿಂಗಳು ನಿನಗ ಹಗಲು ಪಾಳಿ ಕೊಡ್ತೇನವಾ. ಇಂಗ್ಲೀಷ್ ಒಳಗ ಸಂಭಾಳಿಸಿದಿ ಅಂದ್ರ ಕಾಯಂ ಮಾಡೂಣು. ಇಲ್ಲಂದ್ರ ಮೊದಲಿನಂಗ," ಎಂದಿದ್ದರು.

ಹಗಲು ಪಾಳಿ ಸಿಕ್ಕ ಮೊದಲ ರಾತ್ರಿ ಪ್ರಜ್ಞಾ ಅವಳ ಮೇಲೆ ಕಾಲು ಹಾಕಿಕೊಂಡು ಮಲಗಿದ್ದಳು. ಬೆಳಿಗ್ಗೆ ಎದ್ದವಳೇ, "ಅವ್ವಾ, ನೀ ಗೊರಕಿ ಹೊಡಿತಿ ಅಂತ ನನಗ ಗೊತ್ತ ಇರಲಿಲ್ಲ," ಎಂದಳು. ಮಹಾನಂದಾ ನಕ್ಕಳು. ಬಸ್ಸು ಹತ್ತಿದ ಮೇಲೆ ಆ ಮಾತು ಮತ್ತೆ ನೆನಪಾಯಿತು, ಆಗ ನಗು ಬರಲಿಲ್ಲ.

ಸ್ಪೆಷಲ್ ವಾರ್ಡಿನ ಕಿಟಕಿ ಪಕ್ಕದ ಕೋಣೆಯಲ್ಲಿ ಕುರಿಯನ್ ಎಂಬ ಹಿರಿಯರಿದ್ದರು. ಕೇರಳದವರು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದ ಮಗಳು ಶೀಬಾಳನ್ನು ನೋಡಲು ಬಂದವರಿಗೆ ಇಲ್ಲೇ ಹರ್ನಿಯಾ ಆಪರೇಷನ್ ಆಗಿತ್ತು. ಮಗಳು ಬ್ಯಾಂಕಿಗೆ ಹೋದರೆ ಮಾತಿಗೆ ಮಹಾನಂದಾಳೇ ಗತಿ. ಅವರು ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ಹೆಂಡತಿ ತೀರಿಕೊಂಡದ್ದು, ಆಕೆ ನೆಟ್ಟ ನುಗ್ಗೆ ಗಿಡ ಆಕೆ ಹೋದ ವರ್ಷವೇ ಮೈತುಂಬ ಕಾಯಿ ಬಿಟ್ಟದ್ದು, ಆ ಕಾಯಿ ಕೀಳಲು ಇವರ ಕೈ ಮೇಲೇಳದಿದ್ದದ್ದು, ಎಲ್ಲ ಹೇಳಿದರು. ಮಹಾನಂದಾಳಿಗೆ ಒಂದೂ ಬಿಡದೆ ಅರ್ಥವಾಯಿತು. ಎದೆಯಲ್ಲಿ ಮಾತು ತುಂಬಿ ಬಂತು. ಕನ್ನಡದಲ್ಲಾಗಿದ್ದರೆ ಮಂಚದ ಪಕ್ಕ ಕೂತು, "ಕಾಯಿ ಬಿಟ್ಟಿದ್ದು ನಿಮಗ ಉಣ್ಣಾಕ ಇಟ್ಟು ಹೋಗ್ಯಾರ್ರಿ ಅವರು, ಹಂಗ್ಯಾಕ ತಿಳ್ಕೋತೀರಿ," ಎನ್ನುತ್ತಿದ್ದಳು. ಬಾಯಿಂದ ಹೊರಗೆ ಬಂದದ್ದು "ವೆರಿ ಸ್ಯಾಡ್ ಸರ್" ಎಂದಷ್ಟೇ. ಅವರು ತಲೆಯಾಡಿಸಿ ಕಿಟಕಿಯ ಕಡೆ ಹೊರಳಿದರು. ಅವಳಿಗೆ ತನ್ನ ಬಾಯಿಯ ಮೇಲೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

ಆ ದಿನ ಸಂಜೆ ಅವಳ ಪಾಳಿ ಮುಗಿಯಿತು. ಅವರ ಬೀಪಿ ನೋಡಿ, ನೀರಿನ ಲೋಟ ಕೈಗೆ ಎಟಕುವಲ್ಲಿ ಇಟ್ಟು, ಬಾಗಿಲಲ್ಲಿ ನಿಂತು, "ಓಕೆ ಸರ್, ಐ ಆಮ್ ಕಮಿಂಗ್" ಎಂದಳು. ತಡವರಿಸಲಿಲ್ಲ, ರಿ ಕೂಡ ಸೇರಲಿಲ್ಲ. ಅವರು ನಗುತ್ತ ಕೈ ಎತ್ತಿದರು. ಮೆಟ್ಟಿಲಿಳಿಯುವಾಗ ಆ ವಾಕ್ಯವನ್ನು ಇನ್ನೊಮ್ಮೆ ಬಾಯಲ್ಲೇ ಅಂದುಕೊಂಡಳು. ನೀಟಾಗಿ ಬಂದಿತ್ತು.

ಮನೆಯಲ್ಲಿ ಕೆಂಪವ್ವ ರೊಟ್ಟಿ ಬಡಿಯುತ್ತ, "ಆ ಕುರಿ ಅಜ್ಜ ಹೆಂಗದಾನ?" ಎಂದಳು.

"ಕುರಿಯನ್ ಅತ್ತಿ, ಕುರಿ ಅಲ್ಲ."

"ಏನರ ಇರ್ಲಿ. ಉಣ್ಣಾಕ ಹತ್ಯಾನೋ ಇಲ್ಲೋ?"

ಅಷ್ಟರಲ್ಲಿ ಫೋನು ಬಂತು. ಸಂಜೆ ಪಾಳಿಯ ನರ್ಸು ದುರ್ಗಾ. "ಅಕ್ಕಾ, ಏನ್ ಹೇಳಿ ಹೋದಿ ನೀ ಅಜ್ಜಾರಿಗೆ? ನಾ ಬಾತ್ರೂಮಿಗೆ ಕರ್ಕೊಂಡು ಹೋಗ್ತೇನ್ರಿ ಅಂದ್ರ ಕೈ ಬೀಸ್ತಾರ. ಶಿ ಈಸ್ ಕಮಿಂಗ್, ಶಿ ಈಸ್ ಕಮಿಂಗ್ ಅಂತಾರ. ಕಾದು ಕಾದು ತಾವ ಇಳಿದು ಬಿದ್ದಾರ."

ಮಹಾನಂದಾಳ ಕೈಯಲ್ಲಿದ್ದ ತುತ್ತು ತಾಟಿಗೆ ಬಿತ್ತು. "ಹೊಲಿಗಿ ಬಿಚ್ಚ್ಯಾವೇನ?"

"ಹೊಟ್ಟಿದು ಬಿಚ್ಚಿಲ್ಲ. ಹುಬ್ಬು ಒಡದೈತಿ, ಹೊಲಿಗಿ ಹಾಕ್ಯಾರ. ಅವರ ಮಗಳು ಬಂದು ಭಾಳ ಒದರ್ಯಾಡಿದ್ಲು. ಮುಂಜಾನೆ ಲಗೂನ ಬಾ, ಡಾಕ್ಟ್ರು ಕೇಳ್ತಾರ."

ವಿಷಯ ತಿಳಿದ ಕೆಂಪವ್ವನಿಗೆ ಇದರಲ್ಲಿ ತಪ್ಪು ಯಾರದೆಂದೇ ತಿಳಿಯಲಿಲ್ಲ. "ಬರ್ತೇನಿ ಅನ್ನದ ಮತ್ತೇನ್ ಅನ್ನಬೇಕಿತ್ತ? ದವಾಖಾನಿಯೊಳಗ ಮಲಗಿದ ಮನಶ್ಯಾಗ ಹೋಗ್ತೇನಿ ಅಂತ ಯಾರರ ಅಂತಾರೇನ? ಬಾಯಾಗ ಹುಳಾ ಬೀಳ್ತಾವ."

"ಅವರ ಮಾತಿನ್ಯಾಗ ಹಂಗಿಲ್ಲತ್ತಿ. ಹೋಗೂದಿದ್ರ ಹೋಗ್ತೇನಿ ಅಂತನ ಅನ್ನಬೇಕು."

"ಎಂಥಾ ಮಾತವಾ ಅದು," ಎಂದಳು ಕೆಂಪವ್ವ. ಮತ್ತೆ ರೊಟ್ಟಿ ಬಡಿಯತೊಡಗಿದಳು.

ಮರುದಿನ ಅವಳು ಮೊದಲ ಬಸ್ಸಿಗೇ ಹೋಗಿ ಅರ್ಜುನ ಸರ್ ಕೋಣೆಯ ಬೀಗ ತೆಗೆಯುವುದನ್ನೇ ಕಾದು ನಿಂತಳು. ಆದದ್ದನ್ನು ಹೇಳಿ, ಇದನ್ನು ಇಂಗ್ಲಿಷಿನಲ್ಲಿ ಹೆಂಗೆ ತಿಳಿಸಿ ಹೇಳುವುದೆಂದು ಕೇಳಿದಳು. ಸರ್ ನಗಲಿಲ್ಲ. ಗಲ್ಲ ಕೆರೆದುಕೊಂಡು ಒಂದು ವಾಕ್ಯ ಕಟ್ಟಿಕೊಟ್ಟರು: "ಇನ್ ಅವರ್ ಪ್ಲೇಸ್, ಇಟ್ ಈಸ್ ಇನಾಸ್ಪಿಶಿಯಸ್ ಟು ಸೇ ಗೋಯಿಂಗ್, ಸೋ ವಿ ಸೇ ಕಮಿಂಗ್."

"ಇನಾಸ್ಪಿ..."

"ಇನಾಸ್ಪಿಶಿಯಸ್. ಅಶುಭ ಅಂತ. ಆ ಒಂದು ಶಬ್ದ ಹೇಳಿದ್ರ ಸಾಕು, ತಿಳೀತೈತಿ ಅವರಿಗೆ."

ಆಸ್ಪತ್ರೆಯವರೆಗೂ ಅವಳು ಅದನ್ನೇ ಜಪಿಸುತ್ತ ನಡೆದಳು. ಎದುರಿಗೆ ಬಂದ ಟಂಟಂ ಗಾಡಿಯವನು ಹಾರ್ನು ಹೊಡೆದು, "ಏನವಾ, ಮಂತ್ರಾ ಹೇಳಾಕ ಹತ್ತಿಯೇನ? ಬಾಜೂಕ ಸರಿ," ಎಂದ.

ಕೋಣೆಯಲ್ಲಿ ಡಾಕ್ಟರು ಆಗಲೇ ಬಂದು ನಿಂತಿದ್ದರು. ಕುರಿಯನ್ ದಿಂಬಿಗೆ ಒರಗಿದ್ದರು, ಹುಬ್ಬಿನ ಮೇಲೆ ಬಿಳಿ ಪಟ್ಟಿ, ಕಣ್ಣಿನ ಕೆಳಗೆ ನೀಲಿ ಬಾವು. ಶೀಬಾ ಮೇಡಂ ಕೈಕಟ್ಟಿ ನಿಂತು ಅವಳನ್ನು ನೋಡಿ, ಯಾಕೆ ಹೇಳಿದೆ ಬರುತ್ತೇನೆಂದು, ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮಾತೇನೂ ಒರಟಾಗಿರಲಿಲ್ಲ. ಆದರೆ ಆ 'ಯು' ಮಹಾನಂದಾಳ ಮುಖಕ್ಕೆ ಬಂದು ತಾಗಿತು.

"ಮೇಡಂ, ಇನ್ ಅವರ್ ಪ್ಲೇಸ್... ಇಟ್ ಈಸ್... ಇನಾಸ್ಪಿ..." ಮುಂದಿನ ಅಕ್ಷರಕ್ಕೆ ತಡಕಾಡಿದಳು. "ಇನಾಸ್ಪಿ..."

"ಹಾಸ್ಪಿಟಲ್?" ಎಂದಳು ಶೀಬಾ. "ಎಸ್, ಐ ನೋ, ಇನ್ ಹಾಸ್ಪಿಟಲ್. ವಾಟ್ ಇನ್ ಹಾಸ್ಪಿಟಲ್?"

"ನೋ ರಿ ಮೇಡಂ. ನಾಟ್ ಹಾಸ್ಪಿಟಲ್." ಆ ಒಂದು ಶಬ್ದ ಕೈಬಿಟ್ಟದ್ದೇ ಉಳಿದವೆಲ್ಲ ಚೆಲ್ಲಾಪಿಲ್ಲಿಯಾದವು. ಕೈಗೆ ಸಿಕ್ಕಿದ್ದನ್ನು ಹಿಡಿದು ಹೇಳಿದಳು: "ಪೇಷಂಟ್ ವಿ ನಾಟ್ ಸೇ ಗೋಯಿಂಗ್. ಗೋಯಿಂಗ್ ಈಸ್ ಡೆಡ್ ಪೀಪಲ್. ಗೋಯಿಂಗ್ ಮೀನ್ಸ್ ಫಿನಿಶ್."

ಶೀಬಾಳ ಮುಖ ಬಿಳುಪೇರಿತು. ಅವಳು ಡಾಕ್ಟರ ಕಡೆ ತಿರುಗಿ, ಅಪ್ಪನ ಬಗ್ಗೆ ಈಕೆ ಏನು ಹೇಳುತ್ತಿದ್ದಾಳೆ, ತನ್ನಿಂದ ಏನನ್ನು ಮುಚ್ಚಿಟ್ಟಿದ್ದೀರಿ ಎಂದು ಕೇಳತೊಡಗಿದಳು.

ಡಾಕ್ಟರು ಮೊದಲು ಹುಬ್ಬು ಗಂಟಿಕ್ಕಿದರು, ಮರುಕ್ಷಣ ಅವರಿಗೆ ಹೊಳೆಯಿತು. "ಬರ್ತೇನ್ರಿ ಅಂದಿದ್ದ್ಯಾ ನೀ?" ಎಂದು ಮಹಾನಂದಾಳನ್ನು ಕೇಳಿ, ಅವಳು ತಲೆಯಾಡಿಸಿದ್ದೇ ನಗತೊಡಗಿದರು. ಶೀಬಾಳಿಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದರು. ಒಂದೇ ಉಸಿರಿಗೆ, ಸರಾಗವಾಗಿ, ಗಡಿಯಾರ ನೋಡಿಕೊಳ್ಳುತ್ತ. ಶೀಬಾ "ಓ" ಎಂದಳು, ನಮ್ಮಲ್ಲೂ ಹಾಗೇ ಹೇಳುತ್ತಾರಲ್ಲ, ಅಮ್ಮ ಯಾವಾಗಲೂ ಹಾಗೇ ಅನ್ನುತ್ತಿದ್ದಳು, ಎಂದು ನಕ್ಕಳು. ಹುಬ್ಬಿನ ಪಟ್ಟಿಯನ್ನು ಹಿಡಿದುಕೊಂಡು ಕುರಿಯನ್ನರೂ ನಕ್ಕರು. ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಓಡಿ ಹೋಗಿ, ದಾರಿಯುದ್ದಕ್ಕೂ ಹೊತ್ತು ತಂದಿದ್ದ ಮಾತು ಬೇರೆಯವರ ಬಾಯಿಂದ ಹೊರಟು ಎಲ್ಲರನ್ನೂ ನಗಿಸಿತು. ಮಹಾನಂದಾಳೂ ನಗಬೇಕಾಯಿತು.

ಹೊರಗೆ ಪಡಸಾಲೆಗೆ ಬಂದ ಮೇಲೆ ಡಾಕ್ಟರು ನಗು ನಿಲ್ಲಿಸಿದರು. "ಸಿಟ್ಟಿಗೇಳಬ್ಯಾಡವಾ. ನಿನ್ನ ಕೆಲಸದ ಮ್ಯಾಲ ನನಗ ಭರವಸೆ ಐತಿ. ಆದರ ಇದು ಸ್ಪೆಷಲ್ ವಾರ್ಡು. ನಾ ದಿನಾ ಬಂದು ನಿನ್ನ ಮಾತು ತಿಳಿಸಿ ಹೇಳಾಕ ಆಗತೈತೇನ? ನಾಳಿಯಿಂದ ದುರ್ಗಾ ಮಾಡ್ಲಿ. ನೀ ರಾತ್ರಿ ಪಾಳಿಗೆ ಬಾ."

"ದುರ್ಗಾಗ ನನಗಿಂತ ಕಡಿಮಿ ಬರ್ತೈತ್ರಿ ಸರ."

"ಆಕಿ ಎಸ್ ನೋ ಬಿಟ್ಟು ಮತ್ತೇನೂ ಅನ್ನಂಗಿಲ್ಲ. ಅಷ್ಟ ಸಾಕು."

ಅವಳ ಬಾಯಿಯ ತುದಿಗೆ ಪ್ರಜ್ಞಾಳ ಹೆಸರು ಬಂದಿತ್ತು. ಡಾಕ್ಟರು ಆಗಲೇ ಮುಂದಿನ ಕೋಣೆಯ ಬಾಗಿಲು ದೂಡಿದ್ದರು. ಈ ಮಾತಿಗಂತೂ ಇಂಗ್ಲಿಷ್ ಬೇಕಿರಲಿಲ್ಲ, ಆದರೂ ಬಾಯಿಂದ ಹೊರಡಲಿಲ್ಲ.

ಇಡೀ ದಿನ ಅವಳು ಕೆಲಸ ಮಾಡುತ್ತಲೇ ಇದ್ದಳು. ಕುರಿಯನ್ನರ ಮೈ ಒರೆಸಿದಳು, ಗಾಯ ತೊಳೆದು ಪಟ್ಟಿ ಬದಲಿಸಿದಳು, ತೋಳು ಹಿಡಿದು ಪಡಸಾಲೆಯಲ್ಲಿ ನಡೆಸಿದಳು. ಪಾಳಿ ಬದಲಾದದ್ದು ಅವರಿಗೆ ಯಾರಿಂದಲೋ ತಿಳಿದಿತ್ತು.

ಸಂಜೆ ಅವಳು ಚೀಲ ಹೆಗಲಿಗೇರಿಸಿ ಬಾಗಿಲಿಗೆ ಬಂದಾಗ ಅವರು ಎಚ್ಚರವಾಗಿಯೇ ಇದ್ದರು. ಮಗಳು ಇನ್ನೂ ಬಂದಿರಲಿಲ್ಲ. ಅವರು ಸ್ವಲ್ಪ ಎದ್ದು ಕೂತು, ತಮಾಷೆಗೋ ಏನೋ, "ಸಿಸ್ಟರ್, ಯು ಆರ್ ಗೋಯಿಂಗ್ ಆರ್ ಕಮಿಂಗ್?" ಎಂದು ಕೇಳಿದರು.

ಮಹಾನಂದಾ ಹೊಸ್ತಿಲ ಮೇಲೆ ನಿಂತಳು. ಹುಬ್ಬಿನ ಪಟ್ಟಿಯ ಅಂಚಿನಲ್ಲಿ ಕೆಂಪು ಕಲೆ ಒಣಗಿ ಕಪ್ಪಾಗಿತ್ತು.

"ಐ ಆಮ್ ಗೋಯಿಂಗ್, ಸರ್," ಎಂದಳು. "ಸಿಸ್ಟರ್ ದುರ್ಗಾ ವಿಲ್ ಟೇಕ್ ಕೇರ್ ಆಫ್ ಯು. ಪ್ಲೀಸ್ ಡೋಂಟ್ ಗೆಟ್ ಡೌನ್ ಅಲೋನ್."

ಎಲ್ಲಿಯೂ ತಡೆಯಲಿಲ್ಲ. ಒಂದು ಶಬ್ದವೂ ಹಿಂದುಮುಂದಾಗಲಿಲ್ಲ. ಅರ್ಜುನ ಸರ್ ಇದ್ದಿದ್ದರೆ ಮೇಜು ಕುಟ್ಟಿ ಶಹಬ್ಬಾಸ್ ಎನ್ನುತ್ತಿದ್ದರು. ಕುರಿಯನ್ ಅವಳನ್ನೇ ಒಂದು ಗಳಿಗೆ ನೋಡಿದರು. ಆಮೇಲೆ "ಗುಡ್" ಎಂದು ಮೆಲ್ಲಗೆ ದಿಂಬಿಗೆ ತಲೆಯಿಟ್ಟರು.

ಬಸ್ ಸ್ಟ್ಯಾಂಡಿನಲ್ಲಿ ದೇಗಾಂವದ ಮೇಲೆ ಹೋಗುವ ಕಿತ್ತೂರ ಬಸ್ಸು ನಿಂತಿತ್ತು. ಕಂಡಕ್ಟರ್ ಪರಿಚಯದವನೇ. "ಹತ್ತ್ರಿ ಅಕ್ಕಾರ, ಜಾಗಾ ಐತಿ," ಎಂದ. ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟವಳು, ಮಲಗಿದ ರೋಗಿಗೆ 'ಗೋಯಿಂಗ್' ಎಂದು ಬಂದದ್ದು ನೆನಪಾಗಿ ತೆಗೆದಳು.

"ನೀವ್ ಹೊಂಡ್ರಿ. ನಾ ಹಿಂದಿನ ಗಾಡಿಗೆ ಬರ್ತೇನಿ."

"ಅದಕ್ಕ ಇನ್ನ ಭಾಳ ಹೊತ್ತೈತಲ್ರಿ."

ಅವಳು ಆಗಲೇ ಹಿಂದೆ ತಿರುಗಿ ನಡೆದಿದ್ದಳು. ಬಜಾರು ದಾಟುವಾಗ ನಡಿಗೆ ಓಟವಾಯಿತು. ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಾಗ ಅವಳಿಗೆ ಏದುಸಿರು. ದುರ್ಗಾ ಪಡಸಾಲೆಯಲ್ಲಿ ಗುಳಿಗೆ ಹಂಚುತ್ತಿದ್ದವಳು, "ಯಾಕಕ್ಕಾ, ಏನರ ಮರತಿ?" ಎಂದು ಕೇಳಿದಳು. ಮಹಾನಂದಾ ಬರೀ ಕೈಸನ್ನೆ ಮಾಡಿ, ಚಪ್ಪಲಿ ಹೊರಗೆ ಬಿಟ್ಟು, ಕೋಣೆಯ ಬಾಗಿಲನ್ನು ಸಪ್ಪಳವಾಗದಂತೆ ಸರಿಸಿದಳು.

ಅವರು ನಿದ್ದೆ ಹೋಗಿದ್ದರು. ಬಾಯಿ ಇಷ್ಟೇ ಇಷ್ಟು ತೆರೆದಿತ್ತು. ಅವಳು ಚೌಕಟ್ಟು ಹಿಡಿದು ನಿಂತು, ಅವರ ಎದೆಯ ಮೇಲಿನ ಬಿಳಿ ಚಾದರವನ್ನೇ ನೋಡಿದಳು. ಅದು ಮೇಲೆದ್ದಿತು. ಇಳಿಯಿತು. ಸ್ವಲ್ಪ ತಡೆದು ಮತ್ತೆ ಎದ್ದಿತು.